ಹಿತ್ತಲ ಗೂಡಿನ ಲೋಟ

ಬೆಳಗೋಡಿನ ನಾಡಕಚೇರಿಗೆ ಮುನಿಯಮ್ಮನ ಜೊತೆ ನಾನು ಹೋಗಿದ್ದು ನಾಲ್ಕು ಸಲ. ಮೊದಲ ಸಲ ಅರ್ಜಿ ಕೊಟ್ಟೆವು. ಎರಡನೇ ಸಲ ಸರ್ವರ್ ಇರಲಿಲ್ಲ. ಮೂರನೇ ಸಲ ಆನೆ ಗುಂಪು ರಸ್ತೆ ದಾಟುತ್ತಿದೆಯೆಂದು ಬಸ್ಸು ಒಂದೂವರೆ ಗಂಟೆ ನಿಂತುಬಿಟ್ಟಿತು, ನಾವು ತಲುಪುವಷ್ಟರಲ್ಲಿ ಊಟಕ್ಕೆ ಬಾಗಿಲು ಹಾಕಿದ್ದರು. ನಾಲ್ಕನೇ ಸಲ, ಅಕ್ಟೋಬರಿನ ಕೊನೆಯ ಸೋಮವಾರ, ಗುಮಾಸ್ತರು ಅವಳ ಹಳೇ ಫ್ಯಾಮಿಲಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

ಬೇಕಾಗಿದ್ದು ಮುನಿಯಮ್ಮನ ಮೊಮ್ಮಗಳು ಧನುಶ್ರೀಗೆ ಒಂದು ಜಾತಿ ಪ್ರಮಾಣಪತ್ರ. ಪಿಯುಸಿ ಮುಗಿಸಿದ ಹುಡುಗಿಗೆ ಹಾಸನದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಪರಿಶಿಷ್ಟ ಜಾತಿಯ ಕೋಟಾದಲ್ಲಿ, ಹಾಸ್ಟೆಲ್ ಸಮೇತ. ಶನಿವಾರದೊಳಗೆ ಪ್ರಮಾಣಪತ್ರ ಕೊಡದಿದ್ದರೆ ಸೀಟು ಮುಂದಿನವರಿಗೆ. ಆದರೆ ಮುನಿಯಮ್ಮ ಸಿಲೋನಿನಿಂದ ಬಂದಾಗ ಕೊಟ್ಟ ಆ ಕಾರ್ಡಿನಲ್ಲಿ ಜಾತಿ ಎನ್ನುವ ಕಡೆ ಬೇರೇನೋ ಬರೆದಿತ್ತು. ಮೇಲಿನ ಜಾತಿ. ಗುಮಾಸ್ತರು ಕೆಟ್ಟವರೇನಲ್ಲ. ಕಾರ್ಡ್ ತಪ್ಪಿರಬಹುದು, ವಿ.ಎ., ಅಂದರೆ ಗ್ರಾಮ ಲೆಕ್ಕಿಗರು, ಸ್ಥಳಕ್ಕೆ ಬಂದು ಅಕ್ಕಪಕ್ಕದವರನ್ನು ಕೇಳಿ ಮಹಜರು ಬರೆಯುತ್ತಾರೆ, ಇವರು ಇಂಥ ಜಾತಿಯವರು ಎಂದು ಊರಿನ ಇಬ್ಬರು ಹಿಡುವಳಿದಾರರು ಸಹಿ ಹಾಕಿದರೆ ಸಾಕು ಎಂದರು. ಗುರುವಾರ ಬರುತ್ತಾರೆ.

ಬಸ್ ನಿಲ್ದಾಣದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮುನಿಯಮ್ಮ ಕಟ್ಟೆಯ ಮೇಲೆ ಕೂರದೆ ಅದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಎಪ್ಪತ್ತು ದಾಟಿದೆ, ಎಷ್ಟು ದಾಟಿದೆ ಎಂದು ಅವಳಿಗೂ ಗೊತ್ತಿಲ್ಲ. ನಾನು ಯಾಕೆ ಹಾಗೆ ಬರೆಸಿದಿರಿ ಎಂದು ಕೇಳಲಿಲ್ಲ. ನನಗೆ ಕೇಳುವುದು ಬರುವುದಿಲ್ಲ. ಬಿ.ಎ. ಓದುವಾಗಲೂ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಬರೆದುಕೊಂಡು ಬರುತ್ತಿದ್ದೆ, ಒಂದು ದಿನವೂ ಕೈ ಎತ್ತಿದವಳಲ್ಲ. ಊರಿನವರು ಅರ್ಜಿ ತುಂಬಿಸಿಕೊಳ್ಳಲು ನನ್ನ ಹತ್ತಿರ ಬರುವುದೂ ಅದಕ್ಕೇ. ಅಕ್ಷರ ಚೆನ್ನಾಗಿದೆ, ಹೆಚ್ಚು ಕೇಳುವುದಿಲ್ಲ.

ಅವಳಾಗಿಯೇ ಹೇಳಿದಳು. ಸಿಲೋನಿನ ಟೀ ತೋಟದಲ್ಲಿ ಆಳುಗಳನ್ನು ಕೂಡಿಸಿ ಕೆಲಸ ಮಾಡಿಸುವ ಮೇಸ್ತ್ರಿಗೆ ಕಂಗಾಣಿ ಅನ್ನುತ್ತಿದ್ದರಂತೆ. ಅಕ್ಕಿ ಬಂದರೆ ಕಂಗಾಣಿಯ ಹೆಸರಲ್ಲಿ, ಜ್ವರ ಬಂದರೆ ಡಾಕ್ಟರ ಚೀಟಿಯೂ ಕಂಗಾಣಿಯ ಹೆಸರಲ್ಲಿ. ಮೂರು ತಲೆಮಾರು ಅವರ ಮನೆಯವರು ಪುಸ್ತಕದಲ್ಲಿ ಇದ್ದದ್ದೇ ಹಾಗೆ, ಕಂಗಾಣಿಯ ಕೆಳಗೆ ಒಂದು ಸಾಲು. ಎಂಬತ್ಮೂರರ ಆಡಿ ತಿಂಗಳಲ್ಲಿ, ನಮ್ಮ ಆಷಾಢದಲ್ಲಿ, ಗಲಭೆ ಎದ್ದಿತು. ಕೆಳಗಿನ ಪೇಟೆಯಲ್ಲಿ ಸಿಂಹಳೀಯರು ತಮಿಳರ ಅಂಗಡಿಗಳನ್ನು ಪಟ್ಟಿ ಹಿಡಿದುಕೊಂಡು ಬಂದು ಸುಟ್ಟರೆಂದು ಸುದ್ದಿ ಬಂತು, ಮಾರನೇ ದಿನ ಆಳುಗಳ ಸಾಲುಮನೆಗೆ, ಲೈನಿಗೂ ಬಂದರು. ಹಾಲು ಕುಡಿಯುವ ಮಗನನ್ನು ಸೆರಗಿನಲ್ಲಿ ಕಟ್ಟಿಕೊಂಡು ಎರಡು ದಿನ ಟೀ ಗಿಡಗಳ ಅಡಿಯಲ್ಲಿ ಮಲಗಿದ್ದಳಂತೆ. ಮಗು ಅಳದ ಹಾಗೆ ಬಾಯಿಗೆ ಕೈ ಇಟ್ಟಿದ್ದೆ, ಸತ್ತೇ ಹೋಗ್ತಿದ್ದ ಎಂದಳು, ಬೇರೆ ಯಾರದೋ ಮಗುವಿನ ಬಗ್ಗೆ ಹೇಳುವ ಹಾಗೆ.

ಆಮೇಲೆ ಹಡಗು, ರಾಮೇಶ್ವರ, ವಾಪಸ್ ಬಂದವರನ್ನು ಇಡುವ ಮಂಡಪಂ ಕ್ಯಾಂಪು. ಅಲ್ಲಿ ಮೇಜಿನ ಹಿಂದೆ ಕೂತ ಅಧಿಕಾರಿ ಜಾತಿ ಕೇಳಿದಾಗ ಅವಳ ಗಂಡ ಕಂಗಾಣಿಯ ಜಾತಿಯನ್ನೇ ಹೇಳಿದ. ದೊಡ್ಡವನಾಗುವ ಆಸೆಯಿಂದ ಅಲ್ಲ. ಬೇರೆ ಬರೆಸಿದರೆ ಗುಂಪಿನಿಂದ ಬಿಡಿಸಿ ಬೇರೆ ಊರಿಗೆ ಕಳಿಸುತ್ತಾರೆ ಎಂದು ಹೆದರಿ. ಒಟ್ಟಿಗೆ ಬಂದ ಹದಿನೆಂಟು ಮನೆಯವರೂ ಹಾಗೇ ಬರೆಸಿದರು. ಹದಿನೆಂಟು ಮನೆಯವರನ್ನೂ ಬೇರೆ ಬೇರೆ ಊರಿಗೆ ಕಳಿಸಿದರು. ಇವರಿಗೆ ಸುಳ್ಯದ ರಬ್ಬರ್ ತೋಟ ಬಂತು, ಅಲ್ಲಿಂದ ಒಬ್ಬ ಮೇಸ್ತ್ರಿಯ ಹಿಂದೆ ನಮ್ಮ ಕಡೆಯ ಕಾಫಿಗೆ.

ನಮ್ಮ ಪಠ್ಯದಲ್ಲಿ ಸಿಲೋನಿನ ಯುದ್ಧ ಅರ್ಧ ಪುಟ ಇತ್ತು. ಇಪ್ಪತ್ತಾರು ವರ್ಷ ನಡೆದದ್ದು ಅರ್ಧ ಪುಟ. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ಅದನ್ನೂ ಬಿಟ್ಟಿದ್ದರು.

ಬಸ್ಸು ಬಂತು. ಮುನಿಯಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಅಷ್ಟು ಹೊತ್ತು ಮಾತಾಡಿದ್ದಕ್ಕೇ ಸುಸ್ತಾದವಳ ಹಾಗೆ ದಾರಿಯುದ್ದಕ್ಕೂ ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು.

ಅವಳು ಇರುವುದು ನಮ್ಮ ತೋಟದ ಬೇಲಿಯಾಚೆಯ ದೊಡ್ಡ ಎಸ್ಟೇಟಿನ ಲೈನಿನಲ್ಲಿ. ಮಗ, ಸೊಸೆ ತಿರುಪ್ಪೂರಿನಲ್ಲಿ ಬಟ್ಟೆ ಹೊಲಿಯುತ್ತಾರೆ. ಮಗ ಶಾಲೆ ಬಿಟ್ಟಿದ್ದರಿಂದ ಅವನಿಗೆ ಯಾವ ಪ್ರಮಾಣಪತ್ರದ ಗರಜೂ ಬೀಳಲಿಲ್ಲ. ಎಸ್ಟೇಟಿನಲ್ಲಿ ವಯಸ್ಸಾಯಿತೆಂದು ಬಿಡಿಸಿದ ಮೇಲೂ ಮುನಿಯಮ್ಮ ನಮ್ಮ ನಾಲ್ಕು ಎಕರೆಗೆ ಬರುತ್ತಾಳೆ, ಕಾಳುಮೆಣಸು ಬಿಡಿಸಲು, ಕಣ ಸಾರಿಸಲು. ನಾನು ಹುಟ್ಟುವ ಮೊದಲಿಂದ ಬರುತ್ತಿದ್ದಾಳೆ. ಊರಿನ ಎಲ್ಲ ಮುದುಕಿಯರನ್ನೂ ನಾನು ಅಜ್ಜಿ ಎಂದೇ ಕರೆದದ್ದು. ಇವಳನ್ನು ಮಾತ್ರ ಹೆಸರು ಹಿಡಿದು.

ಅವಳಿಗೆ ನಮ್ಮ ಮನೆಯಲ್ಲಿ ಒಂದು ಲೋಟ ಇದೆ. ಬಿಳಿ ಪಿಂಗಾಣಿ ಬಳಿದ ತಗಡಿನದು, ಅಂಚಿಗೆ ನೀಲಿ ಗೆರೆ, ಬುಡದಲ್ಲಿ ಪಿಂಗಾಣಿ ಎದ್ದು ಕಪ್ಪಾಗಿದೆ. ಅದರ ಜಾಗ ಹಿತ್ತಲ ಗೋಡೆಯ ಗೂಡು. ಹತ್ತು ಗಂಟೆಗೆ ಅಮ್ಮ ಪಾತ್ರೆಯನ್ನು ಎತ್ತರಕ್ಕೆ ಹಿಡಿದು ಕಾಫಿ ಸುರಿಯುತ್ತಾಳೆ, ಮುನಿಯಮ್ಮ ಕೆಳಗೆ ಲೋಟ ಹಿಡಿಯುತ್ತಾಳೆ. ಕುಡಿದಾದ ಮೇಲೆ ನಲ್ಲಿಯಲ್ಲಿ ತಾನೇ ತೊಳೆದು ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಾಳೆ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಾಯಾರಿ ಅದೇ ಲೋಟದಲ್ಲಿ ನೀರು ಕುಡಿದುಬಿಟ್ಟಿದ್ದೆ. ಅಮ್ಮ ಬೈಯಲಿಲ್ಲ. ಬಿಸಿನೀರು ಕಾಯಿಸಿ ತಲೆ ಮೇಲೆ ಹುಯ್ದಳು, ಅಷ್ಟೇ. ಮುನಿಯಮ್ಮ ಕಣದಲ್ಲಿ ನಿಂತು ನೋಡುತ್ತಿದ್ದಳು. ಆ ದಿನದ ಬಗ್ಗೆ ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಇದೆ: ಇವತ್ತು ಎರಡು ಸಲ ಸ್ನಾನ.

ಗುರುವಾರ ವಿ.ಎ. ಬರುತ್ತಾರೆ, ನಮ್ಮ ಜಗಲಿಯಲ್ಲೇ ಕೂರುತ್ತಾರಂತೆ, ಅಪ್ಪ ಸಹಿ ಹಾಕಬೇಕಂತೆ ಎಂದು ಅಮ್ಮ ಊಟಕ್ಕೆ ಬಡಿಸುವಾಗ ನಾನು ಹೇಳಿದೆ. ಅಪ್ಪ, ಅದಕ್ಕೇನು, ಪಾಪದ ಹೆಂಗಸು, ಹಾಕಿದರಾಯಿತು ಅಂದರು. ಅವರು ಶಾಂತಮಲ್ಲಪ್ಪ, ಹೆಸರಿನ ಹಾಗೇ, ಯಾರಿಗೂ ಇಲ್ಲ ಅನ್ನದವರು. ಅಮ್ಮನ ಕೈ ಮಾತ್ರ ಅನ್ನದ ಮೇಲೆ ನಿಂತಿತು.

ಏನು ಕೇಳುತ್ತಾರೆ ಅಂತ ಕೇಳಿದಳು. ಅವರ ಜಾತಿ ನಿಮಗೆ ಹೇಗೆ ಗೊತ್ತು, ಊರಲ್ಲಿ ಅವರನ್ನು ಹೇಗೆ ನಡೆಸಿಕೊಳ್ಳುತ್ತೀರಿ ಅಂತೆಲ್ಲ ಕೇಳಬಹುದು ಎಂದೆ.

"ಲೋಟ ಬ್ಯಾರೆ ಮಡಗಿದೀವಿ ಅಂತ ಯಾರಾರ ಬಾಯ್ಬಿಟ್ರೆ ನಿಮ್ಮಪ್ಪ ಸ್ಟೇಷನ್ ಮೆಟ್ಲು ಹತ್ಬೇಕಾಯ್ತದೆ, ಗೊತ್ತೇನೆ?" ಅಂದಳು ಅಮ್ಮ.

ಅಪ್ಪನ ಮುಖ ಇಳಿಯಿತು. ಆಲೂರಿನ ಕಡೆ ಯಾವುದೋ ಊರಲ್ಲಿ ಹೋಟೆಲಿನವನ ಮೇಲೆ ಕೇಸಾಗಿ ಜಾಮೀನು ಸಿಗಲು ತಿಂಗಳು ಹಿಡಿದ ಕತೆಯನ್ನು ಅಮ್ಮ ಹೇಳಿದಳು. ಅಪ್ಪ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ನಾನು ನನ್ನ ತಟ್ಟೆ ನೋಡುತ್ತಾ ಕೂತೆ. ಸಹಿ ಹಾಕಬೇಡಿ ಅಂತ ಅಮ್ಮ ಹೇಳಿರಲಿಲ್ಲ. ಹಾಕಿ ಅಂತ ನಾನೂ ಹೇಳಿರಲಿಲ್ಲ.

ಗುರುವಾರ ಬೆಳಿಗ್ಗೆ ಗೂಡು ಖಾಲಿ ಇತ್ತು.

ಪ್ರದೀಪ್ ಎಂದು ವಿ.ಎ.ಯ ಹೆಸರು. ಚಿಕ್ಕ ವಯಸ್ಸು, ಬೈಕಿನ ಹೆಲ್ಮೆಟ್ಟಿನಿಂದ ಕೂದಲು ಅಂಟಿಕೊಂಡಿತ್ತು. ಅವತ್ತು ಅದು ಅವರಿಗೆ ಮೂರನೇ ಮಹಜರಂತೆ, ಇನ್ನೂ ಎರಡು ಆನೇಮಹಲ್ ಕಡೆ ಇದ್ದವಂತೆ. ಬಂದವರೇ ಜಗಲಿಯ ಕುರ್ಚಿಯಲ್ಲಿ ಕೂತು ಕಣ್ಣುಜ್ಜಿಕೊಂಡರು. ಪಕ್ಕದ ತೋಟದ ಲಿಂಗಪ್ಪ ಎರಡನೇ ಸಹಿಗೆ ಬಂದಿದ್ದರು. ಮುನಿಯಮ್ಮ, ಧನುಶ್ರೀ ಅಂಗಳದಲ್ಲಿ ನಿಂತಿದ್ದರು. ಧನುಶ್ರೀ ಕಾಲೇಜಿನ ಯೂನಿಫಾರ್ಮನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಳು, ಅಧಿಕಾರಿ ಅಂದರೆ ಹಾಗೇ ಬರಬೇಕು ಅಂದುಕೊಂಡು.

ಅಮ್ಮ ಬಾಗಿಲಿಗೆ ಬಂದಳು. ಅಯ್ಯೋ ಯಾಕೆ ಅಲ್ಲೇ ನಿಂತೆ ಮುನಿಯಮ್ಮ, ಬಾ, ಒಳಗೆ ಬಾ, ಕೂತ್ಕೋ ಎಂದಳು. ನನ್ನ ಇಪ್ಪತ್ಮೂರು ವರ್ಷದಲ್ಲಿ ಆ ಮಾತು ಆ ಬಾಯಿಂದ ಕೇಳಿದ್ದು ಅದೇ ಮೊದಲು. ಮುನಿಯಮ್ಮ ಅಂಗಳದಲ್ಲಿ ಸುತ್ತ ನೋಡಿದಳು, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವ ಹಾಗೆ. ಅಮ್ಮ ಇನ್ನೊಂದು ಸಲ ಕರೆದಳು. ಅವಳು ಮೆಟ್ಟಿಲು ಹತ್ತಿ ಜಗಲಿಯ ಕುರ್ಚಿಯ ತುದಿಯಲ್ಲಿ ಕೂತಳು. ಪಾದ ನೆಲಕ್ಕೆ ಪೂರ್ತಿ ತಾಗಿರಲಿಲ್ಲ.

ಕಾಫಿ ಬಂತು. ಐದು ಸ್ಟೀಲ್ ಲೋಟ, ಒಂದೇ ತಟ್ಟೆಯಲ್ಲಿ, ನೆಂಟರಿಗೆ ತೆಗೆಯುವ ಹೊಸ ಜೋಡಿ. ಅಮ್ಮ ಮುನಿಯಮ್ಮನ ಮುಂದೆಯೂ ತಟ್ಟೆ ಹಿಡಿದಳು. ಮುನಿಯಮ್ಮ ಲೋಟ ತೆಗೆದುಕೊಂಡು ತಲೆ ಹಿಂದಕ್ಕೆ ಹಾಕಿ, ತುಟಿಗೆ ತಾಗದ ಹಾಗೆ ಎತ್ತರದಿಂದ ಸುರಿದುಕೊಂಡಳು. ಬಿಸಿ ಕಾಫಿ. ಕಣ್ಣಲ್ಲಿ ನೀರು ಬಂತು. ಕುಡಿದು ಮುಗಿಸಿ, ಯಾರೂ ಹೇಳದೆ, ಎದ್ದು ಮನೆ ಸುತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ನಲ್ಲಿಯಲ್ಲಿ ಆ ಹೊಸ ಲೋಟ ತೊಳೆದು ಗೂಡಿನ ಮುಂದೆ ನಿಂತಿದ್ದಳು. ಅದನ್ನು ಅಲ್ಲಿ ಇಡಬೇಕೋ ಬೇಡವೋ ಗೊತ್ತಾಗದೆ. ನನ್ನನ್ನು ನೋಡಿ ನನ್ನ ಕೈಗೆ ಕೊಟ್ಟಳು.

ಜಗಲಿಗೆ ವಾಪಸ್ ಬರುವಷ್ಟರಲ್ಲಿ ಪ್ರದೀಪ್ ಕೇಳುತ್ತಿದ್ದರು, ಇವರು ಯಾವ ಜಾತಿಯವರು ಅಂತ ನಿಮಗೆ ಗೊತ್ತೇ ಎಂದು.

ಅಪ್ಪ ಗಂಟಲು ಸರಿಮಾಡಿಕೊಂಡು, ನಮ್ಮದು ಲಿಂಗ ಕಟ್ಟಿದ ಮನೆ, ನಾವು ಜಾತಿಗೀತಿ ನೋಡುವವರಲ್ಲ, ಮುನಿಯಮ್ಮ ನಮ್ಮ ಮನೆಯವರ ಹಾಗೇ ಎಂದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನಿಸಿದಂತೆ ಕಾಣಲಿಲ್ಲ. ಅದೇ ನನಗೆ ಹೆಚ್ಚು ಆಯಾಸ ತಂದದ್ದು.

ಲಿಂಗಪ್ಪ ತಮಗೂ ತಪ್ಪಿದರೆ ಸಾಕು ಅನ್ನುವ ಹಾಗಿದ್ದರು. "ನಮ್ಗೇನ್ ಗೊತ್ತು ಸಾರ್. ಅವ್ರು ತಮಿಳ್ರು, ಅಷ್ಟೇಯ. ಕೆಲ್ಸಕ್ಕೆ ಬತ್ತಾರೆ, ಹೋಯ್ತಾರೆ. ಕೇಳಕ್ಕೆ ಹೋಗ್ತೀವಾ ನಾವು?"

ಲಿಂಗಪ್ಪನ ಮನೆಯಲ್ಲಿ ಅದು ಲೋಟವೂ ಅಲ್ಲ, ತೆಂಗಿನ ಕರಟ.

ಪ್ರದೀಪ್ ಮುನಿಯಮ್ಮನ ಕಡೆ ತಿರುಗಿ, ನೀವೇ ಹೇಳಿ ಅಜ್ಜಿ, ಊರಲ್ಲಿ ಬೇರೆ ಮಾಡುತ್ತಾರಾ ಎಂದರು. ಮುನಿಯಮ್ಮ ಅಮ್ಮನನ್ನು ನೋಡಿದಳು, ಆಮೇಲೆ ಮೊಮ್ಮಗಳನ್ನು ನೋಡಿದಳು. "ಸಾವ್ಕಾರ್ರು ಒಳ್ಳೇವ್ರು ಸಾರ್," ಎಂದಳು. ಅಷ್ಟೇ. ಅವಳು ನಾಳೆಯೂ ಇದೇ ದಾರಿಯಲ್ಲಿ ನಡೆಯಬೇಕಲ್ಲ.

ಅವರು ಬರೆದುಕೊಂಡರು. ಬರೆದಾದ ಮೇಲೆ ಅಪ್ಪ, ಕನ್ನಡಕ ಒಳಗಿದೆ, ಓದಿ ಹೇಳು ಎಂದು ಹಾಳೆಯನ್ನು ನನಗೆ ಕೊಟ್ಟರು. ನಾನು ಓದಿದೆ. ಅರ್ಜಿದಾರರ ಕುಟುಂಬವು ಗ್ರಾಮಸ್ಥರೊಂದಿಗೆ ಸಮಾನವಾಗಿ ಬೆರೆತು ಜೀವಿಸುತ್ತಿದ್ದು, ಯಾವುದೇ ಭೇದಭಾವ ಕಂಡುಬಂದಿರುವುದಿಲ್ಲ. ಸದರಿಯವರ ಜಾತಿಯ ಬಗ್ಗೆ ನೆರೆಹೊರೆಯವರಿಗೆ ಯಾವುದೇ ಮಾಹಿತಿ ಇರುವುದಿಲ್ಲ. ಕೊನೆಯ ಸಾಲಿಗೆ ಬರುವಾಗ ನನ್ನ ಧ್ವನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಆದರೂ ಧನುಶ್ರೀಗೆ ಕೇಳಿಸಿತ್ತು. ಅವಳು ಅಳಲಿಲ್ಲ. ಮಡಿಕೆ ಮುರಿಯದ ಹಾಗೆ ಹಿಡಿದುಕೊಂಡಿದ್ದ ಚೂಡಿದಾರದ ತುದಿಯನ್ನು ಕೈಬಿಟ್ಟಳು.

ಅಪ್ಪ ಪೆನ್ನಿನ ಕ್ಯಾಪು ತೆಗೆದರು.

ನನಗೆ ಮಾತು ಬಂದಿದ್ದರೆ ಅಲ್ಲೇ ಹೇಳುತ್ತಿದ್ದೆನೇನೋ. ಬರಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ, ಅಡುಗೆಮನೆ ದಾಟಿ ಬಚ್ಚಲಿಗೆ. ಅಮ್ಮ ಏನನ್ನಾದರೂ ಮುಚ್ಚಿಟ್ಟರೆ ಅದು ಸೌದೆಯ ಹಿಂದೆ. ನಾನು ಚಿಕ್ಕವಳಿದ್ದಾಗ ಬೆಲ್ಲವನ್ನೂ ಅಲ್ಲೇ ಇಡುತ್ತಿದ್ದಳು. ಎರಡು ಕೊರಡು ಸರಿಸಿದೆ. ಲೋಟ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟಿತ್ತು. ಕೈ ಹಾಕಿ ತೆಗೆದು ತಂದು ಪ್ರದೀಪರ ಮುಂದಿನ ಸ್ಟೂಲಿನ ಮೇಲೆ ಇಟ್ಟೆ. ಬೂದಿ ಉದುರಿತು.

ಇದೇನು ಎಂದರು ಅವರು.

"ಮುನಿಯಮ್ಮನ ಲೋಟ. ಹಿತ್ತಲ ಗೂಡಿನಲ್ಲಿರುತ್ತೆ. ನಾವು ಯಾರೂ ಮುಟ್ಟೋದಿಲ್ಲ." ಇಷ್ಟನ್ನು ನಾನು ನೆಲ ನೋಡಿಕೊಂಡು ಹೇಳಿದೆ. ಮತ್ತೆ, "ಇವತ್ತು ಬೆಳಿಗ್ಗೆ ಮಾತ್ರ ಬಚ್ಚಲಲ್ಲಿತ್ತು" ಎಂದೆ.

ಕೆಳಗಿನ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ನು ಓಡುತ್ತಿತ್ತು, ಅದು ನಿಂತು ಮತ್ತೆ ಶುರುವಾಯಿತು. ಅಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಮೊದಲು ಮಾತಾಡಿದ್ದು ಅಮ್ಮನಲ್ಲ.

"ಏನ್ ಪಾಪಾ," ಎಂದಳು ಮುನಿಯಮ್ಮ, ಮೆಲ್ಲಗೆ. "ಎಲ್ಲಾರ್ ಮುಂದೇನೂ ಇಡ್ಬೇಕಿತ್ತಾ ಅದ್ನ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಮರ್ಯಾದೆ ಹೋಗುವುದಾದರೆ ನಮ್ಮದು ಅಂದುಕೊಂಡಿದ್ದೆ. ಅವಳು ಕುರ್ಚಿಯಿಂದ ಇಳಿದು ಸೆರಗು ಹೊದ್ದುಕೊಂಡು ಮೆಟ್ಟಿಲಿನ ಕೆಳಗೆ, ತನ್ನ ಎಂದಿನ ಜಾಗದಲ್ಲಿ ನಿಂತಳು. ಅವಳ ಮೊಮ್ಮಗಳು ಲೋಟವನ್ನೇ ನೋಡುತ್ತಿದ್ದಳು. ಅವಳು ಅದನ್ನು ಮೊದಲು ನೋಡಿದ್ದಳೋ ಇಲ್ಲವೋ. ಅಜ್ಜಿ ಅವಳನ್ನು ನಮ್ಮ ಹಿತ್ತಲಿಗೆ ಯಾವತ್ತೂ ಕರೆತಂದಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

ಪ್ರದೀಪ್ ಲೋಟವನ್ನು ಮುಟ್ಟಲಿಲ್ಲ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡಾಗಿ ಮಡಚಿ ಬ್ಯಾಗಿಗೆ ತುರುಕಿದರು. "ಇದ್ನ ಇದ್ದ ಹಾಗೆ ಬರೆದ್ರೆ ನಾನು ಸರ್ಟಿಫಿಕೇಟಿಗೆ ಮಾತ್ರ ಬರೆದ ಹಾಗಾಗಲ್ಲ, ಸ್ಟೇಷನ್ನಿಗೂ ಬರೆದ ಹಾಗಾಗುತ್ತೆ, ಯಜಮಾನ್ರೇ," ಎಂದು ಅಪ್ಪನಿಗೆ ಹೇಳಿದರು. ಗದರಿಸುವ ಧ್ವನಿಯಲ್ಲ. ಇಂಥದ್ದು ಎಷ್ಟು ಜಗಲಿಯಲ್ಲಿ ನೋಡಿದ್ದರೋ. "ನಿಮಗೆ ಅವ್ರ ಜಾತಿ ಗೊತ್ತಾ, ಇಲ್ವಾ? ಅಷ್ಟು ಹೇಳಿ."

ಅಪ್ಪ ಲೋಟವನ್ನು ನೋಡುತ್ತಾ, ಗೊತ್ತು ಎಂದರು.

ಲಿಂಗಪ್ಪನಿಗೂ ಆಗ ಗೊತ್ತಾಯಿತು. ಹೊಸ ಹಾಳೆ ಬಂತು. ಅರ್ಜಿದಾರರು ಪರಿಶಿಷ್ಟ ಜಾತಿಗೆ ಸೇರಿದವರೆಂದು ಬಹಳ ವರ್ಷಗಳಿಂದ ಬಲ್ಲೆವು, ಫ್ಯಾಮಿಲಿ ಕಾರ್ಡಿನ ನಮೂದು ತಪ್ಪಾಗಿರುತ್ತದೆ. ಇಬ್ಬರೂ ಸಹಿ ಹಾಕಿದರು. ಲೋಟದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹೆದರಿಕೆಯಿಂದ ಹೇಳದಿದ್ದವರು ಇನ್ನೂ ಹೆಚ್ಚಿನ ಹೆದರಿಕೆಯಿಂದ ಹೇಳಿದರು. ಅಷ್ಟೇ ಆದದ್ದು.

ಶನಿವಾರ ಮಧ್ಯಾಹ್ನ ಧನುಶ್ರೀಯ ಮೆಸೇಜು ಬಂತು. ಅಡ್ಮಿಷನ್ ಆಯ್ತು ಅಕ್ಕ, ಥ್ಯಾಂಕ್ಸ್. ಅದರ ಕೆಳಗೆ ಏನೋ ಟೈಪ್ ಮಾಡುತ್ತಿದ್ದಾಳೆ ಎಂದು ತುಂಬ ಹೊತ್ತು ತೋರಿಸುತ್ತಿತ್ತು. ಆಮೇಲೆ ನಿಂತುಹೋಯಿತು.

ಅಮ್ಮ ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ಉಪ್ಪು ಸಾಕಾ, ಬಟ್ಟೆ ಒಳಗೆ ತಗೋ, ಎಲ್ಲ ಮೊದಲಿನ ಹಾಗೆ. ಒಂದು ದಿನ ಮಾತ್ರ, ಒಲೆ ಮುಂದೆ ಬೆನ್ನು ಹಾಕಿ ಕೂತಿದ್ದಾಗ, ನಮ್ಮತ್ತೆ ನನಗೆ ಹೇಳಿಕೊಟ್ಟಿದ್ದನ್ನು ನಾನು ಮಾಡಿದೆ, ನಾನೇನು ಹುಟ್ಟಿಸಿದ್ದಾ ಎಂದಳು. ಲೋಟ ಜಗಲಿಯ ಸ್ಟೂಲಿನ ಮೇಲೆ ಹಾಗೇ ಇತ್ತು. ಅಮ್ಮ ಅದನ್ನು ಮುಟ್ಟುವ ಹಾಗಿಲ್ಲ. ಅಪ್ಪ ಅದು ಕಾಣದವರ ಹಾಗೆ ಪೇಪರ್ ಓದುತ್ತಿದ್ದರು. ಹದಿನೈದು ದಿನ ಆದ ಮೇಲೆ ನಾನೇ ತೊಳೆದೆ. ತೊಳೆದ ಮೇಲೆ ಎಲ್ಲಿಡುವುದು ಗೊತ್ತಾಗಲಿಲ್ಲ. ಗೂಡಿನಲ್ಲಿ ಇಟ್ಟರೆ ಮೊದಲಿನ ಹಾಗೇ ಆಯಿತು. ಅಡುಗೆಮನೆಯ ಲೋಟಗಳ ಜೊತೆ ಇಟ್ಟರೆ ಅಮ್ಮ ಆ ಸಾಲನ್ನೇ ಬಳಸುವುದು ಬಿಡುತ್ತಾಳೆ. ನನ್ನ ಕೋಣೆಗೆ ತಂದು ಪೆನ್ನು ಹಾಕಿಟ್ಟೆ. ಎರಡೇ ದಿನಕ್ಕೆ ಅದು ನಾಟಕದ ಹಾಗೆ ಕಂಡಿತು, ಪೆನ್ನು ತೆಗೆದೆ.

ಮುನಿಯಮ್ಮ ಬಂದದ್ದು ನವೆಂಬರ್ ಕೊನೆಗೆ, ಅರೇಬಿಕಾ ಹಣ್ಣಾಗುವ ಹೊತ್ತಿಗೆ. ಕಣ ಸಾರಿಸಬೇಕಿತ್ತು. ಏನೂ ಆಗದವಳ ಹಾಗೆ ಬೇಲಿ ದಾಟಿ ಬಂದು ಸಗಣಿ ಬುಟ್ಟಿ ಇಳಿಸಿದಳು. ಮೊಮ್ಮಗಳು ಹೇಗಿದ್ದಾಳೆ ಎಂದು ಅಪ್ಪ ಕೇಳಿದರು. ಚೆನ್ನಾಗಿದ್ದಾಳೆ, ಬಿಳೀ ಬಟ್ಟೆ ಕೊಟ್ಟಿದ್ದಾರೆ ಎಂದಳು.

ಹತ್ತು ಗಂಟೆಗೆ ಅಮ್ಮ ಕಾಫಿ ಮಾಡಿದಳು. ಮಾಡಿ, ಒಲೆ ಕಟ್ಟೆಯ ಮುಂದೆ ಸುಮ್ಮನೆ ನಿಂತಳು. ಒಂದು ಸ್ಟೀಲ್ ಲೋಟಕ್ಕೆ ಕೈ ಹೋಯಿತು, ನಿಂತಿತು. ಅಮ್ಮನ ಕುತ್ತಿಗೆಯ ನರ ನನಗೆ ಕಾಣುತ್ತಿತ್ತು. ಆ ಕ್ಷಣದಲ್ಲಿ ನನಗೆ ಅವಳ ಮೇಲೆ ಕೋಪ ಇರಲಿಲ್ಲ. ಕೊನೆಗೆ ಸ್ಟೀಲ್ ಲೋಟದಲ್ಲೇ ಸುರಿದು ಹಿತ್ತಲ ಬಾಗಿಲಿಗೆ ತೆಗೆದುಕೊಂಡು ಹೋದಳು. ಮುನಿಯಮ್ಮ ಸಗಣಿ ಕೈಯನ್ನು ಎತ್ತಿ ತೋರಿಸಿದಳು.

"ನಂಗೆ ಬ್ಯಾಡಮ್ಮ. ಕಾಫಿ ಬುಟ್ಬುಟ್ಟೆ."

ಯಾವಾಗಿಂದ ಎಂದು ಅಮ್ಮ ಕೇಳಿದಳು. ಎದೆ ಉರಿ ಅಂತ ಡಾಕ್ಟ್ರು ಹೇಳಿದರು ಎಂದಳು ಮುನಿಯಮ್ಮ. ಲೈನಿಗೆ ಯಾವ ಡಾಕ್ಟರು ಬರುತ್ತಾರೆ. ಅಮ್ಮ ಲೋಟ ಒಳಗೆ ತಂದು, ಆ ಕಾಫಿಯನ್ನು ತಾನೇ ಕುಡಿದಳು. ಅವಳ ಭುಜ ಸಡಿಲವಾದದ್ದು ನನಗೆ ಕಂಡಿತು.

ನಾನು ಹೊರಗೆ ಹೋದೆ. ಮುನಿಯಮ್ಮ ಕೈ ತೊಳೆದು ಕಣದ ಅಂಚಿನ ಸಿಲ್ವರ್ ಮರದ ಬುಡದಲ್ಲಿ ಕೂತಿದ್ದಳು. ಪಕ್ಕದಲ್ಲಿ ಧನುಶ್ರೀಯ ಹಳೇ ಶಾಲೆಯ ನೀರಿನ ಬಾಟಲಿ, ಅದರ ಮೇಲೆ ಹರಿದ ಹೆಸರು ಚೀಟಿ. ಈಗ ನೀರನ್ನೂ ಮನೆಯಿಂದಲೇ ತರುತ್ತಾಳೆ. ನಾನು ಪಕ್ಕದಲ್ಲಿ ಕೂತೆ. ಕ್ಷಮಿಸು ಅನ್ನಬೇಕು ಅಂದುಕೊಂಡೇ ಬಂದದ್ದು. ಆದರೆ ಬಾಯಿಂದ ಬಂದದ್ದು, ಬಾಯಾರಿಕೆ ಆಗುತ್ತಿದೆ ಎಂದು.

ಅವಳು ನಲ್ಲಿಯ ಕಡೆ ನೋಡಿದಳು, ಅಡುಗೆಮನೆ ಕಿಟಕಿಯ ಕಡೆ ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ ಕೊಟ್ಟಳು.

"ಬಾಯಿ ತಾಗಿಸ್ದೆ ಕುಡಿ ಪಾಪಾ," ಎಂದಳು. "ಎಂಜಲಾಯ್ತದೆ."

ತಲೆ ಹಿಂದಕ್ಕೆ ಹಾಕಿ ಬಾಟಲಿ ಎತ್ತಿದೆ. ನೀರು ಮೂಗಿಗೆ ಹೋಯಿತು, ಕುತ್ತಿಗೆಗೆ ಇಳಿಯಿತು, ಎದೆಯೆಲ್ಲ ಒದ್ದೆಯಾಯಿತು. ಮುನಿಯಮ್ಮ ನನ್ನನ್ನು ನೋಡಿ, ಆ ತಿಂಗಳಲ್ಲಿ ಮೊದಲ ಸಲ, ಸಣ್ಣಗೆ ನಕ್ಕಳು. ನನಗೆ ಎತ್ತಿ ಕುಡಿದು ಅಭ್ಯಾಸವೇ ಇರಲಿಲ್ಲ.